ಅಮ್ಮ ಬಂದಾಗ ಓದಿದ ಪಾದ್ರಿ

ಹೇವರ್ಡಿನ ಒಂದು ಗೋದಾಮಿನಲ್ಲಿ ನಾನು ಪೆಟ್ಟಿಗೆ ಇಳಿಸುವ ಕೆಲಸ ಮಾಡುತ್ತಿದ್ದೆ. ಪೆಟ್ಟಿಗೆಗಿಂತ ಪೆಟ್ಟಿಗೆ ಎತ್ತುವ ಗಾಡಿಯ ಮೇಲೆ ನನಗೆ ಕಣ್ಣು. ಫೋರ್ಕ್‌ಲಿಫ್ಟು ಕೆಟ್ಟು ನಿಂತರೆ ಮೆಕ್ಯಾನಿಕ್ಕು ಬರುವಷ್ಟರಲ್ಲಿ ನಾನು ಅದರ ಹೊಟ್ಟೆಯೊಳಗೆ ಕೈ ಹಾಕಿರುತ್ತಿದ್ದೆ. ಎಷ್ಟೋ ಸಲ ಮೆಕ್ಯಾನಿಕ್ಕು ಬರುವ ಕೆಲಸವೇ ಇರುತ್ತಿರಲಿಲ್ಲ.

ನಮ್ಮ ಫೋರ್‌ಮನ್ ಇದನ್ನು ನೋಡಿಕೊಂಡಿದ್ದ. ಪೋರ್ಚುಗಲ್ ಕಡೆಯಿಂದ ಬಂದ ಮುದುಕ, ಮಾತು ಕಡಿಮೆ. ಮೇ ತಿಂಗಳಲ್ಲಿ ಒಂದು ದಿನ ಕರೆದು ಹೇಳಿದ:

"ರಿಪೇರಿ ಶಾಪಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ನಿಂಗೇ ಕೊಡ್ತೀನಿ. ಆದ್ರೆ ಹೈಸ್ಕೂಲ್ ಪೇಪರ್ ಬೇಕು. ಜೂನ್ ಕೊನೇವರೆಗೂ ಕಾಯ್ತೀನಿ. ಆಮೇಲಿಲ್ಲ."

"ಕೆಲಸ ಬರುತ್ತಲ್ಲ, ಪೇಪರ್ ಯಾಕೆ?"

"ಅದು ನಂಗೂ ಗೊತ್ತಿಲ್ಲ. ಆಫೀಸ್ನೋರು ಕೇಳ್ತಾರೆ."

ನನ್ನ ಹತ್ತಿರ ಪೇಪರ್ ಇರಲಿಲ್ಲ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು. ಮೊದಲ ಸಲ ಇಂಗ್ಲಿಷು, ಎರಡನೇ ಸಲ ಇಂಗ್ಲಿಷಿನ ಜೊತೆಗೆ ಸೈನ್ಸು. ಅಪ್ಪ ಸಾಕು ಬಿಡು ಅಂದರು. ಅಕ್ಕ ಭಾವ ಇಲ್ಲಿ, ಹೇವರ್ಡಿನ ಪಕ್ಕದ ಯೂನಿಯನ್ ಸಿಟಿಯಲ್ಲಿದ್ದರು. ಅಕ್ಕ ವೀಸಾಕ್ಕೆ ಅರ್ಜಿ ಹಾಕಿ ನನ್ನನ್ನು ಊರಿನಿಂದ ಇಲ್ಲಿಗೆ ಕರೆಸಿಕೊಂಡಳು. ಅವರ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೋಫಾ ನನ್ನದು.

ಹೈಸ್ಕೂಲು ಮುಗಿಸದ ದೊಡ್ಡವರಿಗೆ ಇಲ್ಲಿ ಒಂದು ಪರೀಕ್ಷೆ ಇದೆ. ಪಾಸಾದರೆ ಹೈಸ್ಕೂಲು ಮುಗಿಸಿದಂತೆಯೇ ಲೆಕ್ಕ. ಅದಕ್ಕೆ ಹೇವರ್ಡಿನಲ್ಲಿ ಸಂಜೆ ಕ್ಲಾಸು, ಮಂಗಳವಾರ ಮತ್ತು ಗುರುವಾರ. ಪರೀಕ್ಷೆ ಜೂನಿನ ಎರಡನೇ ಶನಿವಾರ. ಅದು ತಪ್ಪಿದರೆ ಮುಂದಿನದು ಸೆಪ್ಟೆಂಬರಿನಲ್ಲಿ. ಅಂದರೆ ನನಗೆ ಆ ಒಂದು ಶನಿವಾರವೇ ಗತಿ.

ಲೆಕ್ಕ ನನಗೆ ಬರುತ್ತದೆ. ತೊಂದರೆ ಇದ್ದದ್ದು ಓದುವುದರಲ್ಲಿ. ಒಂದು ಪುಟ ಕೊಡುತ್ತಾರೆ, ಕೆಳಗೆ ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ನಾಲ್ಕರಲ್ಲಿ ನೇರವಾಗಿ ಕಾಣುವುದು ಯಾವಾಗಲೂ ತಪ್ಪು. ಪುಟಗಳೆಲ್ಲ ಈ ದೇಶದ ಹಳೇ ಬರವಣಿಗೆ. ಒಂದೊಂದು ವಾಕ್ಯ ಗೂಡ್ಸ್ ಗಾಡಿಯಷ್ಟು ಉದ್ದ. ಕೊನೆಯ ಡಬ್ಬಿ ಬರುವಷ್ಟರಲ್ಲಿ ಇಂಜಿನ್ನು ಮರೆತಿರುತ್ತದೆ.

ಟೀಚರಿಗೆ ಮೂವತ್ತು ಮೂವತ್ತೆರಡು ವಯಸ್ಸು. ಏಳು ತಿಂಗಳ ಬಸುರಿ. ಆ ಶಾಲೆಯ ಕುರ್ಚಿಗೆ ಒಂದು ಪಕ್ಕದಲ್ಲಿ ಬರೆಯುವ ಹಲಗೆ ಇರುತ್ತದೆ, ಅದರೊಳಗೆ ಅವರು ಹಿಡಿಸುತ್ತಿರಲಿಲ್ಲ. ಮೇಜಿನ ತುದಿಗೆ ಒರಗಿ ಪಾಠ ಮಾಡುತ್ತಿದ್ದರು. ಹತ್ತಿರದಿಂದ ಕೇಳಿದರೆ ಇಂಗ್ಲಿಷು ಸ್ವಲ್ಪ ಹೆಚ್ಚು ಅರ್ಥವಾಗುತ್ತದೆ ಎಂದು ನಾನು ಮುಂದಿನ ಸಾಲಿನಲ್ಲಿ, ಅವರಿಗೆ ಎರಡು ಮೊಳ ದೂರದಲ್ಲಿ ಕೂರುತ್ತಿದ್ದೆ. ಅವರು ಮಾತಾಡಿದ್ದು ಇಂಗ್ಲಿಷು, ನಾನು ಮಾತಾಡಿದ್ದು ನನಗೆ ಬಂದಷ್ಟು ಇಂಗ್ಲಿಷು. ಇಲ್ಲಿ ಎರಡನ್ನೂ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲು ಕೊಟ್ಟ ಪುಟ ಸಿಡಿಲಿನದು. ಈ ದೇಶ ಇನ್ನೂ ದೇಶವಾಗುವ ಮೊದಲು, ಮನೆಯ ಮೇಲೆ ಕಬ್ಬಿಣದ ಕಂಬಿ ನೆಟ್ಟರೆ ಸಿಡಿಲು ಅದರೊಳಗೆ ಇಳಿದು ನೆಲಕ್ಕೆ ಹೋಗುತ್ತದೆ ಎಂದು ಗೊತ್ತಾಯಿತಂತೆ. ಅದಕ್ಕೆ ಒಬ್ಬ, ಸಿಡಿಲು ದೇವರ ಕೋಪ, ಅದಕ್ಕೆ ಅಡ್ಡ ಬರಲು ನೀವು ಯಾರು ಎಂದು ಬರೆದಿದ್ದಾನೆ. ಇನ್ನೊಬ್ಬ, ಮಳೆಯೂ ದೇವರದೇ, ಹಾಗಾದರೆ ಮನೆಗೆ ಸೂರು ಯಾಕೆ ಹಾಕಿಕೊಂಡಿದ್ದೀಯ ಎಂದು ಕೇಳಿದ್ದಾನೆ. ಈ ಎರಡನೆಯವನು ನನಗೆ ಹಿಡಿಸಿದ.

"ಕಂಬಿ ಬರೋಕೆ ಮುಂಚೆ ಏನು ಮಾಡ್ತಿದ್ರು?" ಎಂದು ಕೇಳಿದೆ.

"ಕೆಲವು ಕಡೆ ಗುಡುಗಿದಾಗ ಚರ್ಚಿನ ಗಂಟೆ ಬಾರಿಸ್ತಿದ್ರು. ಸಿಡಿಲು ದೂರ ಹೋಗಲಿ ಅಂತ. ಎಷ್ಟೋ ಸಲ ಹಗ್ಗ ಹಿಡ್ಕೊಂಡು ಬಾರಿಸ್ತಿದ್ದವನೇ ಸಾಯ್ತಿದ್ದ."

"ನಮ್ಮಲ್ಲಿ ಹತ್ತು ಹೆಸರು ಹೇಳ್ತಾರೆ."

"ಯಾರ ಹೆಸರು?"

"ಒಬ್ಬ ಬಿಲ್ಲುಗಾರನದು. ಅವನೊಬ್ಬನಿಗೇ ಹತ್ತು ಹೆಸರು. ಹೇಳಿದ್ರೆ ಸಿಡಿಲು ಹೊಡೆಯಲ್ಲ."

"ನೀನು ಹೇಳ್ತೀಯಾ?"

"ಇಲ್ಲಿ ಗುಡುಗೇ ಇಲ್ವಲ್ಲ."

ಕ್ಲಾಸು ನಕ್ಕಿತು. ವಾಪಸು ಬರುವಾಗ ಟ್ರೈನಿನಲ್ಲಿ ಆ ಹತ್ತನ್ನು ಹೇಳಿಕೊಳ್ಳಲು ನೋಡಿದೆ. ಆರಕ್ಕೆ ನಿಂತುಹೋಯಿತು. ಊರಿನಲ್ಲಿ ನಿದ್ದೆಗಣ್ಣಿನಲ್ಲೂ ಹತ್ತೂ ಬರುತ್ತಿತ್ತು. ನಂಬಿಕೆ ಹೋಗಿ ಮರೆತದ್ದೋ, ಮರೆತ ಮೇಲೆ ನಂಬಿಕೆ ಹೋದದ್ದೋ, ಯೂನಿಯನ್ ಸಿಟಿ ಬರುವವರೆಗೂ ಅದೇ ಯೋಚನೆ.

ಮುಂದಿನ ವಾರದ ಪುಟ ನನ್ನನ್ನು ಇನ್ನೂ ಕೆಡಿಸಿತು. ಅದರಲ್ಲಿ ಒಬ್ಬ ಪಾದ್ರಿ. ಈ ದೇಶದ ಪೂರ್ವದ ಕಡಲ ದಡದ ಊರು. ಹಡಗಿನಲ್ಲಿ ಸಿಡುಬು ಬಂದು ಇಳಿಯುತ್ತದೆ. ಇದು ನಮ್ಮ ಪಾಪಕ್ಕೆ ದೇವರು ಕಳಿಸಿದ ಶಿಕ್ಷೆ, ಉಪವಾಸ ಮಾಡಿ, ಬೇಡಿಕೊಳ್ಳಿ ಎಂದು ಪಾದ್ರಿ ಬರೆಯುತ್ತಾನೆ. ಸರಿ, ಪಾದ್ರಿ ಅಂದ ಮೇಲೆ ಇನ್ನೇನು ಬರೆಯುತ್ತಾನೆ. ಆದರೆ ಅದೇ ಪುಟದ ಕೆಳಗೆ ಅವನೇ ಇನ್ನೊಂದು ಬರೆಯುತ್ತಾನೆ. ಆಫ್ರಿಕಾದಿಂದ ಹಿಡಿದು ತಂದು ಜೀತಕ್ಕಿಟ್ಟ ಜನ ತಮ್ಮ ದೇಶದಲ್ಲಿ ಸಿಡುಬಿನ ಕೀವನ್ನು ತೋಳಿಗೆ ಚುಚ್ಚಿಸಿಕೊಳ್ಳುತ್ತಾರೆ, ಅವರಿಗೆ ದೊಡ್ಡ ಸಿಡುಬು ಬರುವುದಿಲ್ಲ, ನಾವೂ ಚುಚ್ಚಿಸಿಕೊಳ್ಳಬೇಕು ಎಂದು. ಊರಿನವರು ಅವನ ಮೇಲೆ ಬೀಳುತ್ತಾರೆ. ಡಾಕ್ಟರುಗಳೇ ಬೇಡ ಅನ್ನುತ್ತಾರೆ, ಪಾದ್ರಿ ಬೇಕು ಅನ್ನುತ್ತಾನೆ. ಕೊನೆಗೆ ತನ್ನ ಮಗಳಿಗೇ ಚುಚ್ಚಿಸುತ್ತಾನೆ. ಮಗಳಿಗೆ ಜ್ವರ ಏರುತ್ತದೆ. ಅಲ್ಲಿಗೆ ಪುಟ ಮುಗಿಯಿತು.

ಪ್ರಶ್ನೆ: ಬರೆದವನ ನಿಲುವೇನು? ಒಂದು, ರೋಗ ದೇವರ ಶಿಕ್ಷೆ. ಎರಡು, ರೋಗವನ್ನು ಮನುಷ್ಯನ ತಿಳಿವಳಿಕೆ ತಡೆಯಬಲ್ಲದು. ಮೂರು, ಬರೆದವನಿಗೆ ಗೊಂದಲ. ನಾಲ್ಕು, ಮೊದಲೆರಡೂ ಸರಿ. ನಾನು ಮೂರಕ್ಕೆ ಗುರುತು ಹಾಕಿದೆ.

"ನಾಲ್ಕು" ಅಂದರು ಟೀಚರು.

"ಎರಡೂ ಹೆಂಗೆ ಸರಿ? ದೇವ್ರು ಕಳ್ಸಿದ ಅಂತಾನೆ. ಆಮೇಲೆ ದೇವ್ರಿಗೇ ಅಡ್ಡಗಾಲು ಹಾಕ್ತಾನೆ. ಒಂದೋ ಅದು, ಇಲ್ಲಾ ಇದು."

"ಅವನಿಗೆ ಹಾಗೆ ಅನ್ನಿಸಲಿಲ್ಲ. ಅದನ್ನೇ ನೀನು ಯೋಚನೆ ಮಾಡಬೇಕಾದ್ದು."

"ಯೋಚನೆ ಇರಲಿ. ಮಗಳು ಬದುಕಿದ್ಲಾ?"

"ಅದು ಪರೀಕ್ಷೆಗೆ ಬರಲ್ಲ."

"ನಂಗೆ ಬೇಕು."

ಟೀಚರು ನಕ್ಕು, ಪುಸ್ತಕ ನೋಡಿ ಹೇಳುತ್ತೇನೆ ಅಂದರು.

ಆ ಭಾನುವಾರ ಅಕ್ಕನ ಮಗಳು, ನಾಲ್ಕು ವರ್ಷದ್ದು, ಕಾರ್ಟೂನು ನೋಡುತ್ತಾ ಬೆನ್ನನ್ನು ಸೋಫಾಕ್ಕೆ ಉಜ್ಜುತ್ತಿತ್ತು. ಭಾವನ ತಾಯಿ ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು. ನಾನು ಅವರನ್ನು ಅತ್ತೆ ಅನ್ನುತ್ತೇನೆ. ಅತ್ತೆ ಮಗುವಿನ ಅಂಗಿ ಎತ್ತಿ ನೋಡಿದರು. ಸುಮ್ಮನೆ ಎದ್ದು ಹೋಗಿ ಕೈ ತೊಳೆದು ಬಂದರು. ಮಗುವಿಗೆ ಕೈ ಮುಗಿದರು.

"ಅಮ್ಮ ಬಂದವ್ಳೆ" ಅಂದರು.

"ಹೂ ಕೇಮ್?" ಎಂದು ಮಗು ಕೇಳಿತು.

"ಅಮ್ಮ ಬಂದವ್ಳೆ ಕಣವ್ವ, ನಿನ್ ಮೈಮ್ಯಾಲೆ."

"ನೋ ಅಜ್ಜಿ, ಅಮ್ಮ ಈಸ್ ಇನ್ ದ ಕಿಚನ್."

ಭಾವ ಪೇಪರು ಕೆಳಗಿಟ್ಟು ಬಂದರು. ಅವರು ಕಂಪ್ಯೂಟರ್ ಚಿಪ್ಪು ಮಾಡುವ ಕಂಪನಿಯಲ್ಲಿ ಇಂಜಿನಿಯರು. ಮೈಯಲ್ಲಿ ಎದ್ದ ಗುಳ್ಳೆ ನೋಡಿದರು.

"ಚಿಕನ್ ಪಾಕ್ಸ್ ಇದು, ಅಮ್ಮ. ಡೇಕೇರಲ್ಲಿ ಮೂರು ಮಕ್ಳಿಗೆ ಆಗಿದೆ ಅಂತ ಫೋನ್ ಬಂದಿತ್ತು."

"ಬಾಯ್ಮುಚ್ಚೋ. ಮನೇಲಿರೋವಾಗ ಹಂಗೆಲ್ಲ ಹೆಸರು ಎತ್ತಬಾರ್ದು. ಮೂರು ಮನೆಗೂ ಹೋಗವ್ಳೆ, ಈಗ ಇಲ್ಲಿಗೆ ಬಂದವ್ಳೆ."

"ವೈರಸ್ಸು ಅದು."

"ಏನಾರ ಅನ್ನು. ಮರ್ಯಾದೆ ಕೊಟ್ಟು ಅನ್ನು."

ಅವತ್ತಿನಿಂದ ಮನೆಗೆ ಕಾನೂನು ಬಂತು. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಮೊಟ್ಟೆ ಮಾಂಸ ಇಲ್ಲ. ಮಗುವಿನ ತಲೆ ಬಾಚುವಂತಿಲ್ಲ. ಯಾರೂ ಬರುವಂತಿಲ್ಲ, ನಾವು ಯಾರ ಮನೆಗೂ ಹೋಗುವಂತಿಲ್ಲ. ಕೆಲಸಕ್ಕೆ ಹೋಗಬಹುದಂತೆ, ಹೊಟ್ಟೆಪಾಡು ಅವಳಿಗೂ ಗೊತ್ತಂತೆ. ಬೇವಿನ ಸೊಪ್ಪು ಬೇಕು ಅಂದರು. ಯೂನಿಯನ್ ಸಿಟಿಯಲ್ಲಿ ಬೇವಿನ ಮರ ಎಲ್ಲಿದೆ ಎಂದು ಭಾವ ರೇಗಿದರು. ನಾನು ಹೊರಗೆ ಹೋಗಿ, ರಸ್ತೆ ಬದಿಯಲ್ಲಿ ಬೇವಿನ ಹಾಗೇ ಸಣ್ಣ ಎಲೆ ಜೋತುಬಿದ್ದ ಒಂದು ಮರದಿಂದ ಕೊಂಬೆ ಮುರಿದು ತಂದೆ. ಅತ್ತೆ ಎಲೆ ಹಿಸುಕಿ ಮೂಸಿದರು.

"ಇದು ಬೇವಲ್ಲ ಕಣೋ. ಮೆಣಸಿನ ವಾಸನೆ."

"ಬಿಸಾಕ್ಲಾ?"

"ಇರ್ಲಿ, ಬಾಗ್ಲಿಗೆ ಕಟ್ಟು. ಮೈಗೆ ಬ್ಯಾಡ. ಇದು ಬ್ಯಾರೆ ದೇಶ ಅಂತ ಅವಳಿಗೂ ಗೊತ್ತಿರ್ತದೆ."

ಸೋಮವಾರ ಭಾವ ಮಗುವನ್ನು ಡಾಕ್ಟರಿಗೆ ತೋರಿಸಿ ಗುಲಾಬಿ ಬಣ್ಣದ ಲೋಷನ್ನು ತಂದರು. ಸ್ನಾನದ ನೀರಿಗೆ ಓಟ್ಸು ಹಾಕಿ ಎಂದು ಡಾಕ್ಟರು ಹೇಳಿದ್ದರಂತೆ.

"ತಿನ್ನೋ ಗಂಜೀನ ಮೈಗೆ ಹುಯ್ತೀರಾ? ಯಾವ ಸೀಮೆ ಡಾಕ್ಟ್ರೋ ಅವನು" ಎಂದು ಅತ್ತೆ ಸಿಡುಕಿದರು. ಒಂದು ಚಮಚ ನೀರಿನಲ್ಲಿ ನೆನೆಸಿ, ತಮ್ಮ ಮುಂಗೈಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. "ತಂಪೈತೆ" ಅಂದರು. ಆಮೇಲೆ ಬಿಳೀ ಬಟ್ಟೆಯಲ್ಲಿ ಓಟ್ಸು ಕಟ್ಟಿ ಹಿಂಡುವುದು ಅವರದೇ ಕೆಲಸವಾಯಿತು. ಭಾವನಿಗೆ ಮುಟ್ಟಲು ಬಿಡಲಿಲ್ಲ.

ಮಂಗಳವಾರ ಮಗುವಿಗೆ ಜ್ವರ ಜಾಸ್ತಿ. ಅಕ್ಕನಿಗೆ ಸಂಜೆ ಶಿಫ್ಟು. ಕೆರೆದುಕೊಳ್ಳದ ಹಾಗೆ ಮಗುವಿನ ಕೈ ಹಿಡಿದು ಕೂತೆ, ಕ್ಲಾಸಿಗೆ ಹೋಗಲಿಲ್ಲ. ಗುರುವಾರ ಹೋದೆ. ಯಾಕೆ ಬರಲಿಲ್ಲ ಎಂದು ಟೀಚರು ಎಲ್ಲರ ಮುಂದೆ ಕೇಳಿದರು.

ಚಿಕನ್ ಪಾಕ್ಸ್ ಅನ್ನುವ ಮಾತು ನನಗೆ ಗೊತ್ತಿತ್ತು. ಬಾಯಿಗೂ ಬಂತು. ಆದರೆ ಅವಳು ಹೋಗುವವರೆಗೂ ಆ ಹೆಸರು ಎತ್ತಬೇಡ, ಮನೆಯಾಚೆಗೂ ಎತ್ತಬೇಡ ಎಂದು ಅತ್ತೆ ಹೇಳಿದ್ದರು. ನಾನು ನಂಬುವವನಲ್ಲ. ಆದರೆ ಪರೀಕ್ಷೆಗೆ ಒಂಬತ್ತು ದಿನ ಇತ್ತು. ಒಂಬತ್ತು ದಿನ ಹೆಸರು ಎತ್ತದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲವಲ್ಲ. ಅದಕ್ಕೇ ಅಮ್ಮ ಅನ್ನುವುದನ್ನು ಇಂಗ್ಲಿಷು ಮಾಡಿ ಹೇಳಿದೆ.

"ಮನೆಗೆ ಮದರ್ ಬಂದಿದ್ದಾಳೆ."

"ಓ, ಹೌ ನೈಸ್! ಎಷ್ಟು ದಿನ ಇರ್ತಾರೆ?"

"ಏಳು ದಿನ, ಒಂಬತ್ತು ದಿನ. ಚೆನ್ನಾಗಿ ನೋಡ್ಕೊಂಡ್ರೆ ಬೇಗ ಹೋಗ್ತಾಳೆ."

ಹಿಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರೂ ನಕ್ಕರು.

"ಅಷ್ಟು ಬೇಗ ಕಳಿಸ್ತೀಯಾ? ಪಾಪ. ಅವರಿಗೆ ಏನು ಅಡುಗೆ ಇಷ್ಟ?"

"ಮೊಸರನ್ನ. ಕರಿದಿದ್ದು ಆಗಲ್ಲ, ಕೋಪ ಬರುತ್ತೆ."

"ಒಂದು ದಿನ ಕ್ಲಾಸಿಗೆ ಕರ್ಕೊಂಡು ಬಾ."

"ಬೇಡ ಬೇಡ. ನೀವು ಹಂಗೆಲ್ಲ ಹೇಳಬಾರದು."

ಇನ್ನೂ ಜೋರು ನಗು. ಅವರು ತಪ್ಪು ತಿಳಿದರು ಎಂದು ನನಗೆ ಆಗಲೇ ಗೊತ್ತಾಯಿತು. ಬಿಡಿಸಿ ಹೇಳಲು ಇಂಗ್ಲಿಷು ಸಾಲದು, ನಗು ಬೇರೆ. ಹೋಗಲಿ ಎಂದು ಸುಮ್ಮನಾದೆ. ಟೀಚರು ನನ್ನ ಪಕ್ಕಕ್ಕೇ ಬಂದು, ಪುಸ್ತಕದ ಮೇಲೆ ಬಗ್ಗಿ, ಮಂಗಳವಾರದ ಪಾಠ ತೋರಿಸಿದರು.

ಶುಕ್ರವಾರ ಸಂಜೆ ಅತ್ತೆ ಅಡುಗೆಮನೆಯಲ್ಲಿ ಓಟ್ಸು ಹಿಂಡುತ್ತಿದ್ದರು. ಪಾದ್ರಿ ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿದ್ದ.

"ಅತ್ತೆ, ಒಂದು ಕೇಳ್ತೀನಿ, ಬೈಬೇಡಿ."

"ಬೈಯೋ ಹಂಗಿದ್ರೆ ಬೈತೀನಿ. ಕೇಳು."

"ಅಮ್ಮ ದೇವ್ರು ಅಂತೀರಿ. ಸರಿ. ದಾಕು ಹಾಕೋರು ಬಂದಾಗ ಭಾವಂಗೆ ಯಾಕೆ ಹಾಕಿಸಿದ್ರಿ? ಭಾವನ ತೋಳಲ್ಲಿ ಗುರುತೈತೆ, ನೋಡಿದೀನಿ."

ಹಿಂದೆ ಸಿಡುಬು ಬಾರದಂತೆ ತೋಳಿಗೆ ಹಾಕುತ್ತಿದ್ದ ಚುಚ್ಚಿಗೆ ನಮ್ಮ ಕಡೆ ದಾಕು ಎನ್ನುತ್ತಾರೆ. ಕಾಸಿನಗಲದ ಕಲೆ ಉಳಿಯುತ್ತದೆ. ನನಗೂ ಇದೆ. ಅತ್ತೆ ರವಿಕೆಯ ತೋಳು ಮೇಲೆ ಸರಿಸಿ ತಮ್ಮದನ್ನು ತೋರಿಸಿದರು.

"ಅವನೊಬ್ನಿಗೇ ಅಲ್ಲ, ನಂಗೂ ಹಾಕಿಸ್ಕೊಂಡೆ. ನಮ್ ಬೀದೀಲಿ ದಾಕಿನೋರು ಬಂದ್ರು ಅಂದ್ರೆ ಹೆಂಗಸ್ರೆಲ್ಲ ಮಕ್ಳನ್ನ ಅಟ್ಟದ್ ಮ್ಯಾಲೆ ಬಚ್ಚಿಡೋರು. ನಾನು ಇವನ್ನ ಸೊಂಟದಲ್ಲಿ ಎತ್ಕೊಂಡು ಎಲ್ಲಾರ್ಗಿಂತ ಮುಂದೆ ಹೋಗಿ ನಿಂತ್ಕಂಡೆ. ನಮ್ಮತ್ತೆ ಬೀದಿಗೆ ಕೇಳೋ ಹಂಗೆ ಬೈದ್ಲು, ಅಮ್ಮನ ಕೋಪ ತಂದಿಡ್ತಾಳೆ ಅಂತ."

"ಆಮೇಲೆ?"

"ಆಮೇಲೇನು. ದಾಕು ಹಾಕಿಸ್ಕಂಡು ನೆಟ್ಟಗೆ ಅವಳ ಗುಡೀಗೇ ಹೋದೆ. ಮೊಸರನ್ನ ಇಟ್ಟು ಕೈ ಮುಗ್ದು ಬಂದೆ."

ನನಗೆ ಪಾದ್ರಿಯೇ ಸೀರೆ ಉಟ್ಟು ಕೂತ ಹಾಗೆ ಕಂಡಿತು.

"ಎರಡೂ ಹೆಂಗೆ ಅತ್ತೆ?"

"ಹೆಂಗೆ ಅಂದ್ರೆ? ನೆಂಟ್ರು ಬಂದ್ರೆ ಬಾಗ್ಲು ತೆಗ್ದು ನೀರು ಕೊಡ್ತೀವಿ, ಉಪಚಾರ ಮಾಡ್ತೀವಿ. ಹಂಗಂತ ಬಸ್‌ಸ್ಟ್ಯಾಂಡ್‌ಗೆ ಹೋಗಿ ಕೈಹಿಡ್ದು ಕರ್ಕಂಡು ಬರ್ತೀವಾ?"

ನಾನು ಪಾದ್ರಿಯ ಕತೆಯನ್ನು ಪೂರ್ತಿ ಹೇಳಿದೆ. ಅತ್ತೆ ಹಿಂಡುವುದನ್ನು ನಿಲ್ಲಿಸಿ ಕೇಳಿದರು.

"ಆ ಅಯ್ಯನೋರು ಬುದ್ಧಿವಂತ ಕಣೋ. ಮಗೀಗೆ ಏನಾಯ್ತು?"

"ಗೊತ್ತಿಲ್ಲ. ಪುಟ ಅಲ್ಲಿಗೇ ನಿಲ್ತು."

"ಅದೆಂಥಾ ಪುಸ್ತಕ. ಮಗೀಗೆ ಜ್ವರ ಬರಿಸ್ಬಿಟ್ಟು ಎದ್ದೋಗದಾ? ನಿಮ್ ಮೇಡಮ್ಮುನ್ನ ಕೇಳ್ಬೇಕಾಗಿತ್ತು."

"ಕೇಳಿದೀನಿ. ಹುಡುಕ್ತೀನಿ ಅಂದಿದಾರೆ. ಅವ್ರಿಗೂ ಈಗ ಏಳು ತಿಂಗಳು, ಸುಸ್ತು."

ಅತ್ತೆಯ ಕೈಯಿಂದ ಬಟ್ಟೆ ಪಾತ್ರೆಗೆ ಬಿತ್ತು.

"ಬಸುರೀನಾ? ಅಮ್ಮ ಇರೋ ಮನೆಯಿಂದ ಎದ್ದು ಬಸುರಿ ಮುಂದೆ ಹೋಗಿ ಕೂತಿದ್ಯಾ? ಬುದ್ಧಿ ಎಲ್ಲಿಟ್ಟಿದ್ಯೋ?"

"ನಂಗೆ ಬಂದಿಲ್ವಲ್ಲ."

"ಯಾವತ್ತಾದ್ರೂ ಬಂದಿತ್ತಾ?"

ಬಂದಿರಲಿಲ್ಲ. ಹಾಲಿನಿಂದ ಅಕ್ಕನೂ ಕೂಗಿದಳು, ಇವನಿಗೆ ಚಿಕ್ಕವನಿದ್ದಾಗ ಬರೀ ದಾಕು ಹಾಕಿಸಿದ್ದು, ಅಮ್ಮ ಬಂದಿರಲಿಲ್ಲ ಎಂದು. ಆಗ ಭಾವ ಒಳಗೆ ಬಂದರು. ಡಾಕ್ಟರು ಕೊಟ್ಟಿದ್ದ ಹಾಳೆ ಫ್ರಿಜ್ಜಿಗೆ ಅಂಟಿಸಿದ್ದರು, ಅದನ್ನು ಕಿತ್ತು ಓದಿದರು. ಅತ್ತೆಯ ಮಾತು ಸುಳ್ಳು ಎಂದು ತೋರಿಸಲು ಓದುತ್ತಿದ್ದಾರೆ ಅಂದುಕೊಂಡೆ.

"ಅಮ್ಮ ಹೇಳ್ತಿರೋದು ಕರೆಕ್ಟು" ಅಂದರು. "ದಾಕು ದೊಡ್ಡ ಸಿಡುಬಿಗೆ, ಇದಕ್ಕೆ ಏನೂ ಉಪಯೋಗ ಇಲ್ಲ. ನಿಂಗೆ ಅಂಟಿದ್ರೆ ಎರಡು ವಾರ ಏನೂ ಕಾಣ್ಸಲ್ಲ. ಗುಳ್ಳೆ ಏಳೋಕೆ ಎರಡು ದಿನ ಮುಂಚೇನೇ ಬೇರೆಯವರಿಗೆ ಅಂಟುತ್ತೆ. ಬಸುರಿ ಹೆಂಗಸಿಗೆ ಮುಂಚೆ ಬಂದಿರಲಿಲ್ಲ ಅಂದ್ರೆ ಡೇಂಜರ್ರು. ಮಗೂಗೂ."

"ನೆನ್ನೆ ಹೋಗಿದ್ದೆ."

"ನೆನ್ನೇದು ಪರವಾಗಿಲ್ಲ, ಇನ್ನೂ ದಿನ ಆಗಿಲ್ಲ. ಮುಂದಿನ ಗುರುವಾರ, ಶನಿವಾರ, ಅಂಟಿಸೋ ದಿನಕ್ಕೆ ಸರಿಯಾಗಿ ಕೂಡುತ್ತೆ. ಪರೀಕ್ಷೆ ರೂಮಲ್ಲಿ ಯಾರಿರ್ತಾರೆ?"

"ಅವ್ರೇ."

ಭಾನುವಾರದಿಂದ ಒಂದು ಮಾತಿಗೂ ಒಪ್ಪದ ತಾಯಿ ಮಗ ಈಗ ಇಬ್ಬರೂ ಒಂದಾಗಿ ನನ್ನ ಮುಖ ನೋಡುತ್ತಿದ್ದರು. ನನಗೆ ಸಿಟ್ಟು ಬಂತು.

"ಈ ವಾರ ಪೂರ್ತಿ ಕಿತ್ತಾಡಿದ್ರಿ. ನನ್ ಪರೀಕ್ಷೆ ತಪ್ಸೋಕೆ ಮಾತ್ರ ಒಂದಾದ್ರಾ?"

ಭಾವ ಹಾಳೆಯನ್ನು ಮತ್ತೆ ಫ್ರಿಜ್ಜಿಗೆ ಅಂಟಿಸಿದರು.

ಬಾಯಿ ಮುಚ್ಚಿಕೊಂಡು ಹೋಗಿ ಪರೀಕ್ಷೆ ಬರೆದು ಬರಬಹುದು ಎಂಬ ಯೋಚನೆ ನನಗೆ ಬಂದದ್ದು ಸುಳ್ಳಲ್ಲ. ಮೈಯಲ್ಲಿ ಒಂದು ಗುಳ್ಳೆ ಇಲ್ಲ. ನನಗೆ ಅಂಟಿದೆ ಎಂದು ಯಾರು ಕಂಡರು? ಹಿಂದಿನ ಸಾಲಿನಲ್ಲಿ ಕೂತು, ಬರೆದು, ಎದ್ದು ಬಂದರೆ ಆಯಿತು. ರಿಪೇರಿ ಶಾಪಿನ ನೀಲಿ ಅಂಗಿ ಹಾಕಿಕೊಂಡ ಹಾಗೆಲ್ಲ ಕಂಡಿತು. ಆದರೆ ಪರೀಕ್ಷೆ ರೂಮಿನಲ್ಲಿ ಟೀಚರು ಒಂದು ಕಡೆ ನಿಲ್ಲುವುದಿಲ್ಲ. ಹಾಳೆ ಹಂಚುತ್ತಾರೆ, ಒಬ್ಬೊಬ್ಬರ ಪಕ್ಕದಲ್ಲೂ ಬಗ್ಗುತ್ತಾರೆ. ಅವರು ಬಗ್ಗುವಾಗ ಒಂದು ಕೈ ಸೊಂಟದ ಹಿಂದೆ ಇಟ್ಟುಕೊಳ್ಳುತ್ತಿದ್ದರು.

ತುರ್ತಿದ್ದರೆ ಮಾಡಿ ಎಂದು ಅವರು ಮನೆ ನಂಬರು ಕೊಟ್ಟಿದ್ದರು. ಮರುದಿನ, ಶನಿವಾರ ಬೆಳಿಗ್ಗೆ ಫೋನು ಮಾಡಿದೆ.

"ಟೀಚರ್, ನಮ್ಮನೇಲಿ ಇರೋ ಮದರು ಮದರಲ್ಲ."

"ಏನು?"

"ಮದರ್ ಅಂದ್ರೆ ಚಿಕನ್ ಪಾಕ್ಸ್."

ಇನ್ನೊಂದು ಸಲ ಹೇಳು ಅಂದರು. ಫೋನು ಸರಿಯಾಗಿ ಹಿಡಿದಿದ್ದಾನೋ ಇಲ್ಲವೋ ಎಂದು ಅವರಿಗೆ ಅನುಮಾನ ಬಂದಿರಬೇಕು. ನಾನು ಮೊದಲಿನಿಂದ ಹೇಳಿದೆ. ಅಕ್ಕನ ಮಗು, ಬೆನ್ನಿನ ಗುಳ್ಳೆ, ನಮ್ಮ ದೇಶದಲ್ಲಿ ಆ ರೋಗ ಒಬ್ಬಳು ದೇವತೆ, ಅವಳಿಗೆ ಅಮ್ಮ ಅನ್ನುತ್ತಾರೆ, ಹೆಸರೆತ್ತಬಾರದು, ಅದಕ್ಕೇ ಹಾಗೆ ಹೇಳಿದೆ. ನನಗೆ ಇನ್ನೂ ಬಂದಿಲ್ಲ, ಬರಬಹುದು, ಪರೀಕ್ಷೆಯ ಶನಿವಾರವೇ ಬರಬಹುದು.

"ನಿಮಗೆ ಚಿಕ್ಕೋರಿದ್ದಾಗ ಬಂದಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ. ನಮ್ಮ ತಾಯೀನ ಕೇಳಬೇಕು."

ಒಂದು ಗಂಟೆ ಫೋನಿನ ಹತ್ತಿರವೇ ಕೂತಿದ್ದೆ. ಅತ್ತೆ ಎರಡು ಸಲ ಬಂದು ಏನಾಯಿತು ಅಂದರು. ಫೋನು ಬಂತು.

"ಬಂದಿತ್ತಂತೆ. ಆರು ವರ್ಷದಲ್ಲಿ. ನಮ್ಮ ತಾಯಿಗೆ ವಾರ ಕೂಡ ನೆನಪಿದೆ. ನನಗೇನೂ ಆಗಲ್ಲ."

ಹಾಗಾದರೆ ಪರೀಕ್ಷೆಗೆ ಬರಲೇ ಎಂದು ಕೇಳಿದೆ.

"ಇಲ್ಲ. ಶಾಲೆ ಆಫೀಸಿನವರಿಗೆ ಈಗಾಗಲೇ ಫೋನ್ ಮಾಡಿದೆ. ಪರೀಕ್ಷೆಗೆ ಬರೋರಲ್ಲಿ ಇನ್ನೂ ಇಬ್ಬರು ಬಸುರಿಯರಿದಾರೆ. ನೀನು ಮೂರು ವಾರ ಒಳಗೆ ಕಾಲಿಡೋ ಹಾಗಿಲ್ಲ. ಸೆಪ್ಟೆಂಬರಲ್ಲಿ ಬರಿ."

"ಸೆಪ್ಟೆಂಬರಿಗೆ ನನ್ ಕೆಲಸ ಇರಲ್ಲ."

"ಗೊತ್ತು. ಸಾರಿ."

ಫೋನು ಇಡುವ ಮುಂಚೆ ಅವರೇ ಕೇಳಿದರು, ಆ ದೇವತೆಗೆ ಕೋಪ ಬರದಂತೆ ಏನೇನು ಮಾಡುತ್ತೀರಿ ಅಂತ. ಹೇಳಿದೆ. ಯಾರ ಮನೆಗೂ ಹೋಗದಿರುವುದು, ಯಾರನ್ನೂ ಒಳಗೆ ಬಿಡದಿರುವುದು ಅಂದಾಗ, ನಿಲ್ಲು, ಇದನ್ನು ಬರೆದುಕೊಳ್ಳುತ್ತೇನೆ ಅಂದರು. ಕಾಗದದ ಸದ್ದು ಕೇಳಿಸಿತು. ನಾನು ಹೇಳಿದ್ದನ್ನು ಒಬ್ಬ ಟೀಚರು ಬರೆದುಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಪಾದ್ರಿ ಮಗಳದು ಹುಡುಕಿದೆ" ಅಂದರು. "ಬದುಕಿದಳು."

ಅತ್ತೆಗೆ ಹೇಳಿದೆ. "ಸದ್ಯ" ಅಂದರು. ನಿನ್ನೆ ಮೊನ್ನೆ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಮಗು ಹುಷಾರಾದ ಹಾಗೆ.

ಸೋಮವಾರ ಫೋರ್‌ಮನ್‌ಗೆ ವಿಷಯ ತಿಳಿಸಿದೆ. ಅವನಿಗೆ ಮದರು ಗಿದರು ಅನ್ನಲಿಲ್ಲ, ನೇರವಾಗಿ ಹೆಸರೇ ಹೇಳಿದೆ. ಇಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲೇ ಬಂದು ಹೋಗಿದೆ, ಗುಳ್ಳೆ ಏಳುವವರೆಗೂ ಕೆಲಸಕ್ಕೆ ಬಾ ಅಂದ. ಪೇಪರ್ ಸೆಪ್ಟೆಂಬರಿಗೆ ತರುತ್ತೇನೆ, ಜಾಗ ಇಟ್ಟಿರುತ್ತೀಯಾ ಎಂದೆ.

"ಜೂನ್ ಅಂದ್ರೆ ಜೂನ್. ನಂಗೆ ಇಷ್ಟ ಇಲ್ಲ ಅಂತಲ್ಲ."

ಪರೀಕ್ಷೆಯ ಶನಿವಾರ ಮನೆಯಲ್ಲಿದ್ದೆ. ಮಗುವಿನ ಮೈಯೆಲ್ಲ ಒಣಗಿ, ಅದು ಹೊರಗೆ ಆಡಲು ಹೋಗಿತ್ತು. ಹತ್ತು ಗಂಟೆಗೆ ಪರೀಕ್ಷೆ ಶುರು. ಕನ್ನಡಿ ಮುಂದೆ ನಿಂತು ಮೈ ಹುಡುಕಿದೆ. ಏನೂ ಇಲ್ಲ. ಹನ್ನೆರಡಕ್ಕೆ ಮತ್ತೆ ನೋಡಿದೆ. ಏನೂ ಇಲ್ಲ. ಸುಮ್ಮನೆ ಪರೀಕ್ಷೆ ಬಿಟ್ಟೆನಲ್ಲ ಅಂದುಕೊಂಡೆ. ಒಂದು ಗುಳ್ಳೆಯಾದರೂ ಏಳಬಾರದಾ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಎದೆಯ ಮೇಲೆ ಐದು ಎದ್ದಿದ್ದವು.

"ನೋಡ್ದಾ, ಕೇಳ್ದಂಗೇ ಬಂದ್ಲು" ಅಂದರು ಅತ್ತೆ. "ಹದಿನಾಲ್ಕು ದಿನ, ಕರೆಕ್ಟಾಗಿ" ಅಂದರು ಭಾವ, ಹಾಳೆ ತೋರಿಸಿ. ಅಂದರೆ ನಾನು ಪರೀಕ್ಷೆಗೆ ಹೋಗಿದ್ದರೆ ರೂಮಿನ ತುಂಬಾ ಹಂಚಿ ಬಂದಿರುತ್ತಿದ್ದೆ. ಇಬ್ಬರೂ ತಾನೇ ಗೆದ್ದೆ ಅಂದುಕೊಂಡು ಓಡಾಡಿದರು. ದೊಡ್ಡವರಿಗೆ ಬಂದರೆ ಕಷ್ಟ ಜಾಸ್ತಿ ಅನ್ನುತ್ತಾರೆ, ನಿಜ. ಐದು ದಿನ ಕಣ್ಣು ಬಿಡಲಾಗದ ಜ್ವರ. ಒಬ್ಬರು ಲೋಷನ್ನು, ಒಬ್ಬರು ಓಟ್ಸು. ಯಾವುದರಿಂದ ಉರಿ ಕಡಿಮೆಯಾಯಿತು ಎಂದು ಕಂಡುಹಿಡಿಯೋಣ ಅಂತ ಎಡಗೈಗೆ ಲೋಷನ್ನು ಮಾತ್ರ, ಬಲಗೈಗೆ ಓಟ್ಸು ಮಾತ್ರ ಹಚ್ಚಿಸಿಕೊಂಡೆ. ಎರಡೂ ಒಂದೇ ಥರ ಉರಿದವು. ಅತ್ತೆಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ.

ನಾನು ಕೆಲಸಕ್ಕೆ ವಾಪಸು ಹೋಗುವಷ್ಟರಲ್ಲಿ ರಿಪೇರಿ ಶಾಪಿಗೆ ಬೇರೊಬ್ಬನನ್ನು ತೆಗೆದುಕೊಂಡಿದ್ದರು. ಅವನ ಹತ್ತಿರ ಪೇಪರ್ ಇತ್ತು. ಅವನು ಸ್ಪ್ಯಾನರು ಹಿಡಿಯುವ ರೀತಿ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಬಸುರಿ ಹೆಂಗಸಿಗೋಸ್ಕರ ಬಿಟ್ಟೆ, ಒಳ್ಳೆಯದು ಮಾಡಿದೆ ಎಂದು ಅಕ್ಕ ಹೇಳುತ್ತಾಳೆ. ಆ ಟೀಚರಿಗೆ ಹೇಗೂ ಏನೂ ಆಗುತ್ತಿರಲಿಲ್ಲವಲ್ಲ ಎಂದು ನಾನು ಅನ್ನುತ್ತೇನೆ. ಇನ್ನಿಬ್ಬರು ಇದ್ದರಲ್ಲ ಅನ್ನುತ್ತಾಳೆ. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದೆ. ಟೀಚರು ಹೆರಿಗೆಗೆ ರಜೆ ಹಾಕಿದ್ದರು, ರೂಮಿನಲ್ಲಿ ಬೇರೆ ಯಾರೋ ಇದ್ದರು. ಓದುವ ಪುಟದಲ್ಲಿ ಈ ಸಲ ಭೂಕಂಪ. ಇನ್ನೊಬ್ಬ ಹಳೇ ಕಾಲದವನು, ಮೊದಲ ಪ್ಯಾರಾದಲ್ಲಿ ಭೂಮಿಯನ್ನು ಅಲ್ಲಾಡಿಸಿದ್ದು ದೇವರು ಅನ್ನುತ್ತಾನೆ, ಎರಡನೆಯದರಲ್ಲಿ ನೆಲದೊಳಗೆ ಸಿಕ್ಕಿಕೊಂಡ ಗಾಳಿ ಅನ್ನುತ್ತಾನೆ. ನಾನು ಗೊಂದಲ ಅನ್ನುವ ಉತ್ತರವನ್ನು ಬಿಟ್ಟು, ಎರಡೂ ಸರಿ ಅನ್ನುವುದಕ್ಕೆ ಗುರುತು ಹಾಕಿದೆ. ಪಾಸಾದೆ. ಪೇಪರ್ ಟಪಾಲಿನಲ್ಲಿ ಬಂದಾಗ ಅತ್ತೆ ದೇವರ ಮುಂದೆ ಇಟ್ಟರು, ಭಾವ ಅದರ ನಾಲ್ಕು ಕಾಪಿ ಮಾಡಿಸಿಕೊಂಡು ಬಂದರು.

ಫೋರ್‌ಮನ್‌ಗೆ ಒಂದು ಕಾಪಿ ಕೊಟ್ಟೆ. ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡ.

"ಈಗ ಜಾಗ ಇಲ್ಲ."

"ಗೊತ್ತು."

"ಆಗ ಯಾಕೆ ಹೇಳ್ದೆ? ಸುಮ್ನೆ ಹೋಗಿ ಬರೀಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ."

ಉತ್ತರ ಯೋಚಿಸಿದೆ. ಅತ್ತೆ ಹೇಳಿದರು ಅನ್ನಬೇಕೋ, ಡಾಕ್ಟರ ಹಾಳೆಯಲ್ಲಿತ್ತು ಅನ್ನಬೇಕೋ ತಿಳಿಯಲಿಲ್ಲ.

"ಮನೇಲಿ ಎಲ್ರೂ ಅದೇ ಹೇಳಿದ್ರು" ಅಂದೆ.

ಮೂರನೇ ಬಾಗಿಲಿಗೆ ಲಾರಿ ಬಂದಿದೆ, ಹೋಗಿ ಇಳಿಸು ಅಂದ. ಹೋಗಿ ಇಳಿಸಿದೆ.